ಹಿತ್ತಲಿನ ಹೊಸ ರೂಮು, ನೆಲದಡಿಯ ನೀರಿನ ಪೈಪು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ನೀರಿನ ಪೈಪಿನದೇ ಗೋಳು. ಮಳೆ ಹಿಡಿಯುವ ಮುಂಚೆ ಹಿತ್ತಲಲ್ಲಿ ಒಂದು ರೂಮು ಎಬ್ಬಿಸಿಬಿಡೋಣ ಅಂತ ಎಲ್ಲರೂ ಒಟ್ಟಿಗೇ ಹೊರಟಂತಿದೆ. ಮೊದಲ ಪತ್ರಕ್ಕೆ ಉದ್ದ ಉತ್ತರ ಬರೆದಿದ್ದೇನೆ. ಮಿಕ್ಕವರೂ ಅದನ್ನು ಓದಿಕೊಳ್ಳಿ.

ಪ್ರಶ್ನೆ: ಮೇಡಂ, ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು ಹಳೆ ಮನೆ. ಅತ್ತೆಗೆ ಮಂಡಿನೋವು, ರಾತ್ರಿ ಹೊತ್ತು ಓಡಾಡುವುದು ಕಷ್ಟ. ಅದಕ್ಕೆ ಮನೆಯ ಹಿಂದೆ ಒಂದು ರೂಮು, ಅದಕ್ಕೇ ಸೇರಿದಂತೆ ಬಾತ್‌ರೂಮು ಕಟ್ಟಿಸುತ್ತಿದ್ದೇವೆ. ಗೋಡೆ ಎದ್ದಿದೆ, ಪಾಯದೊಳಗೆ ಮಣ್ಣು ತುಂಬಿದ್ದಾರೆ, ನೆಲದ ಕಾಂಕ್ರೀಟ್ ಬಾಕಿ. ಟ್ಯಾಂಕು, ಸೋಲಾರ್ ಎರಡೂ ಹಳೆ ಅಡುಗೆಮನೆಯ ಮೇಲಿವೆ. ಅಲ್ಲಿಂದ ಹೊಸ ಬಾತ್‌ರೂಮಿಗೆ ಸುಮಾರು 24 ಅಡಿ. "ನೆಲದಡಿಯಲ್ಲೇ ಸಿಪಿವಿಸಿ (ಬಿಸಿನೀರಿಗೂ ಆಗುವ ಗಟ್ಟಿ ಪ್ಲಾಸ್ಟಿಕ್ ಪೈಪು) ಎಳೆದುಬಿಡೋಣ, ನೇರ ದಾರಿ" ಅಂತಾರೆ ಪ್ಲಂಬರ್. "ಬೇಡ ಅಕ್ಕಾ, ಆಮೇಲೆ ಟೈಲ್ಸ್ ಒಡೀಬೇಕಾಗುತ್ತೆ" ಅಂತಾರೆ ಮೇಸ್ತ್ರಿ. ತಾರಸಿ ಮೇಲಿಂದ ತರೋಣ ಅಂದರೆ ಮುಂದೆ ಮಹಡಿ ಕಟ್ಟುವ ಯೋಚನೆ ಇದೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತಲ್ಲೂ ಅರ್ಧ ಸತ್ಯ ಇದೆ. ಪ್ಲಂಬರ್ ನೋಡುತ್ತಿರುವುದು ಇವತ್ತಿನ ಕೆಲಸ. ಮೇಸ್ತ್ರಿ ನೋಡುತ್ತಿರುವುದು ಇನ್ನು ಕೆಲವು ವರ್ಷ ಬಿಟ್ಟು ತಮಗೆ ಬರಲಿರುವ ಫೋನು.

ನೆಲದಡಿ ನೀರಿನ ಪೈಪು ಹಾಕಲೇಬಾರದು ಅಂತೇನಿಲ್ಲ. ನನ್ನ ಪಟ್ಟು ಒಂದೇ. ನೆಲದಡಿ ಹೋದ ಪೈಪನ್ನು ನೆಲ ಒಡೆಯದೆ ಎಳೆದು ಹೊರಗೆ ತೆಗೆಯಲು ಬರಬೇಕು. ಹಾಗೆ ಬರುವುದಾದರೆ ಹಾಕಿ, ಬರುವುದಿಲ್ಲ ಅಂದರೆ ಗೋಡೆಯ ಮೇಲೆ ಕಾಣುವಂತೆಯೇ ಹೋಗಲಿ. ಚೆಂದ ಕೆಡುತ್ತೆ ಅಂತ ಬೇಸರ ಬೇಡ. ಸೋರುವ ನೆಲಕ್ಕಿಂತ ಕಾಣುವ ಪೈಪು ಎಷ್ಟೋ ವಾಸಿ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಒಳ್ಳೆ ಪೈಪು ಸುಮ್ಸುಮ್ನೆ ನಡುವಲ್ಲಿ ಒಡೆಯುವುದು ಕಡಿಮೆ. ಸೋರುವುದು ಜಾಯಿಂಟು. ಸಿಪಿವಿಸಿ ಬರುವುದು 3 ಮೀಟರ್, 5 ಮೀಟರ್ ಉದ್ದದಲ್ಲಿ. ನಿಮ್ಮ 24 ಅಡಿ ಅಂದರೆ 7 ಮೀಟರ್ ಮೇಲೆ. ಅಲ್ಲಿಗೆ ನಡುವೆ ಒಂದು ಕಪ್ಲಿಂಗ್, ತಿರುವುಗಳಲ್ಲಿ ಎಲ್ಬೋ, ತಣ್ಣೀರಿಗೂ ಬಿಸಿನೀರಿಗೂ ಬೇರೆ ಬೇರೆ. ಲೆಕ್ಕ ಹಾಕಿದರೆ ನಿಮ್ಮ ಅತ್ತೆಯವರ ಮಂಚದಡಿ ಐದಾರು ಜಾಯಿಂಟ್ ಕೂರುತ್ತವೆ. ಅದರಲ್ಲಿ ಒಂದಕ್ಕೆ ಸಲ್ಯೂಷನ್ (ಪೈಪಿನ ಅಂಟು) ಸರಿಯಾಗಿ ಹಚ್ಚಿಲ್ಲ ಅಂದರೂ ಸಾಕು. ಅವತ್ತೇ ಸೋರಿದರೆ ಪುಣ್ಯ. ಅದು ಸೋರುವುದು ಮಹಡಿಗೆ ಪಂಪು ಕೂರಿಸಿ ಒತ್ತಡ ಜಾಸ್ತಿಯಾದ ಮೇಲೆ.

ಈಗ ನಿಮ್ಮ ಮನೆಯ ವಿಷಯ. ಪಾಯದೊಳಗೆ ಮಣ್ಣು ತುಂಬಿದ್ದಾರೆ ಅಂದಿರಿ. ಅಂದರೆ ಒಳಗಿನ ನೆಲ ಹೊರಗಿನ ಹಿತ್ತಲಿಗಿಂತ ಒಂದೂವರೆ ಎರಡು ಅಡಿಯಾದರೂ ಎತ್ತರಕ್ಕಿರುತ್ತದೆ. ಇದು ನಿಮಗೆ ದೊಡ್ಡ ಅನುಕೂಲ. ಹಳೆ ಪಾಯವನ್ನು ಕೊರೆಯುವ ಕೆಲಸವೇ ಬೇಡ. ಟ್ಯಾಂಕಿನಿಂದಲೂ ಸೋಲಾರಿನಿಂದಲೂ ಒಂದೊಂದು ಹೊಸ ಪೈಪು ಅಡುಗೆಮನೆಯ ಹೊರಗೋಡೆಯ ಮೇಲೆ ಇಳಿಯಲಿ. ಅಲ್ಲಿಂದ ಹೊಸ ರೂಮಿನ ಪಾಯದ ಪಕ್ಕದಿಂದ, ಹೊರಗಿನ ನೆಲಕ್ಕಿಂತ ಒಂದರ್ಧ ಅಡಿ ಮೇಲೆ, ಒಳಗೆ ಹೋಗಲಿ. ಹಳೆ ಮನೆಯಲ್ಲಿ ಜಿಐ, ಅಂದರೆ ಸತು ಬಳಿದ ಕಬ್ಬಿಣದ ಪೈಪು ಇದ್ದರೆ, ಹೊಸದನ್ನು ಅದಕ್ಕೆ ಮಾತ್ರ ಸೇರಿಸಬೇಡಿ. ಆ ಕಾಲದ ಜಿಐ ಒಳಗಿಂದ ತುಕ್ಕು ಹಿಡಿದು ಅರ್ಧಕ್ಕರ್ಧ ಕಟ್ಟಿಕೊಂಡಿರುತ್ತದೆ. ಅತ್ತೆಯವರ ಬಾತ್‌ರೂಮಿನ ನಲ್ಲಿ ತಿರುಗಿಸಿದರೆ ನೀರು ದಾರದಂತೆ ಬರುತ್ತದೆ, ಜೊತೆಗೆ ಕೆಂಪು ಪುಡಿ.

ಒಳಗೆ ಹೋಗುವಾಗ ಪೈಪು ಬರಿಮೈಯಲ್ಲಿ ಹೋಗಬಾರದು. ಮೊದಲು ದೊಡ್ಡ ಪಿವಿಸಿ ಪೈಪನ್ನು ಕೊಳವೆಯಂತೆ ಹೂತುಬಿಡಿ. ತಣ್ಣೀರಿಗೆ 50 ಮಿಲಿಮೀಟರಿನದು ಸಾಕು. ಬಿಸಿನೀರಿನ ಪೈಪಿಗೆ ಕಪ್ಪು ಫೋಮ್ ಸುತ್ತಬೇಕಾದ್ದರಿಂದ 75 ಮಿಲಿಮೀಟರಿನದು ಬೇಕು. ಎರಡರ ನಡುವೆ ಅರ್ಧ ಅಡಿ ಜಾಗ ಇರಲಿ. ತಿರುಗುವ ಕಡೆ 90ರ ಎಲ್ಬೋ ಬೇಡ, ಎರಡು 45ರ ಬೆಂಡು ಹಾಕಿಸಿ, ಒಳಗಿನ ಪೈಪು ಸಿಕ್ಕಿಹಾಕಿಕೊಳ್ಳದೆ ಜಾರುತ್ತದೆ. ಮುಖ್ಯವಾಗಿ, ಈ ಕೊಳವೆ ಬಾತ್‌ರೂಮಿನ ಕಡೆಯಿಂದ ಹೊರಗೋಡೆಯ ಕಡೆಗೆ ಚೂರು ವಾಟವಾಗಿರಲಿ. ಒಂದು ವೇಳೆ ಒಳಗಿನ ಪೈಪು ಸೋರಿದರೂ ನೀರು ಮಣ್ಣಿಗೆ ಇಂಗದೆ ಕೊಳವೆಯಲ್ಲೇ ಹರಿದು ಹಿತ್ತಲ ಗೋಡೆಯ ಮೇಲೆ ಇಳಿಯುತ್ತದೆ. ಬಟ್ಟೆ ಒಣಗಿಸಲು ಹೋದವರ ಕಣ್ಣಿಗೆ ಬೀಳುತ್ತದೆ. ನೆಲದಡಿಯ ಸೋರಿಕೆಯಲ್ಲಿ ದುಡ್ಡು ಹೋಗುವುದು ಸೋರಿದ್ದಕ್ಕಲ್ಲ, ಎಲ್ಲಿ ಸೋರುತ್ತಿದೆ ಅಂತ ಹುಡುಕುವುದಕ್ಕೆ.

ಒಳಗೆ ಎಳೆಯುವ ಪೈಪು ಯಾವುದು? ಸಿಪಿವಿಸಿ ಬಾಗುವುದಿಲ್ಲ, ಹಾಗಾಗಿ ಬೆಂಡು ದಾಟುವುದಿಲ್ಲ. ಇದಕ್ಕೆ ಪೆಕ್ಸ್ ಅನ್ನುವ ಬಾಗುವ ಪ್ಲಾಸ್ಟಿಕ್ ಪೈಪು ಒಳ್ಳೆಯದು. ಸುರುಳಿಯಲ್ಲಿ ಬರುತ್ತದೆ, ಮೆತ್ತಗಿರುತ್ತದೆ, ಬಿಸಿನೀರಿಗೂ ಆಗುತ್ತದೆ. 24 ಅಡಿಯೇನು, ಇನ್ನೂ ಉದ್ದಕ್ಕೂ ಒಂದೇ ತುಂಡು. ಹೊರಗೋಡೆಯ ತುದಿಯಲ್ಲಿ ಒಂದು, ಬಾತ್‌ರೂಮಿನ ಗೋಡೆಯಲ್ಲಿ ಒಂದು, ಅಷ್ಟೇ ಜಾಯಿಂಟು. ಶಿವರಾಂಪೇಟೆಯ ಅಂಗಡಿಗಳಲ್ಲಿ ಕೇಳಿ ನೋಡಿ, ಕೈಗೆ ಸಿಗದಿದ್ದರೆ ಹೇಳಿ ತರಿಸಿಕೊಳ್ಳಿ. ಅದರ ಜಾಯಿಂಟಿನ ರಿಂಗು ಒತ್ತಲು ಬೇರೆಯೇ ಟೂಲು ಬೇಕು. ಅದು ನಿಮ್ಮ ಪ್ಲಂಬರ್ ಬಳಿ ಇದೆಯಾ ಅಂತ ಮೊದಲೇ ಕೇಳಿ. "ಅದಿಲ್ದೇನೂ ಮಾಡ್ಬೋದು" ಅಂದರೆ ಒಪ್ಪಬೇಡಿ.

ಪೆಕ್ಸ್‌ಗೆ ಎರಡು ಶತ್ರು. ಬಿಸಿಲು ಮತ್ತು ಇಲಿ. ಬಿಸಿಲಿಗೆ ಬಿಟ್ಟರೆ ಹಾಳಾಗುತ್ತದೆ, ಇಲಿ ಕಡಿಯುತ್ತದೆ. ಆದ್ದರಿಂದ ಹೊರಗೆ ಗೋಡೆಯ ಮೇಲೆ ಇಳಿಯುವುದು ಸಿಪಿವಿಸಿಯೇ ಇರಲಿ. ಪೈಪಿನ ಮೈಮೇಲೆ ಐಎಸ್ 15778 ಅಂತ ಅಚ್ಚಾಗಿದೆಯಾ ನೋಡಿ ತನ್ನಿ. ಅದಕ್ಕೂ ಬಿಸಿಲಾಗದು, ನೀರು ಬೆರೆಸುವ ಗೋಡೆ ಪೇಂಟು ಎರಡು ಕೋಟು ಬಳಿಸಿ. ಆಯಿಲ್ ಪೇಂಟ್ ಬೇಡ. ಸಿಪಿವಿಸಿಗೂ ಪೆಕ್ಸ್‌ಗೂ ಸೇರುವ ಜಾಗದಲ್ಲಿ ಗೋಡೆಗೆ ಒಂದು ಮುಚ್ಚಳದ ಪೆಟ್ಟಿಗೆ ಕೂರಿಸಿ. ಎರಡು ಬಾಲ್ ವಾಲ್ವೂ ಅದರೊಳಗೇ ಇರಲಿ. ಕೊಳವೆಯ ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಕಟ್ಟಿಸಿ. ನೀರು ಬರಬೇಕು, ಇಲಿ ಹೋಗಬಾರದು. ಸಿಮೆಂಟಿಟ್ಟು ಮುಚ್ಚಿಬಿಟ್ಟರೆ ಇಷ್ಟೆಲ್ಲ ಮಾಡಿದ್ದು ದಂಡ.

ಹಳೆ ಗೋಡೆಯ ಕೊನೆಯ ಕ್ಲಾಂಪಿಗೂ ಹೊಸ ಪಾಯದ ತೂತಿಗೂ ನಡುವೆ ಒಂದೆರಡು ಅಡಿ ಪೈಪು ಸಡಿಲವಾಗಿರಬೇಕು. ಇದನ್ನು ಯಾರೂ ಗಮನಿಸುವುದಿಲ್ಲ. ನಿಮ್ಮ ಹಳೆ ಮನೆ ಕೂರಬೇಕಾದಷ್ಟು ಕೂತಾಗಿದೆ. ಹೊಸ ಪಾಯ ಇನ್ನೂ ಕೂರಬೇಕು, ಮೊದಲ ಒಂದೆರಡು ಮಳೆಗಾಲದಲ್ಲಿ ಚೂರಾದರೂ ಇಳಿಯುತ್ತದೆ. ಮೈಸೂರಿನ ಕೆಂಪು ಮಣ್ಣು ಗಟ್ಟಿ, ನಿಜ. ಆದರೆ ಹಳೆ ಬಡಾವಣೆಗಳ ಹಿತ್ತಲಲ್ಲಿ ಬರೀ ಕೆಂಪು ಮಣ್ಣು ಎಲ್ಲಿರುತ್ತೆ? ಮುಚ್ಚಿದ ಇಂಗುಗುಂಡಿ, ಮನೆ ಕಟ್ಟಿದಾಗ ಸುರಿದ ಒಡೆದ ಇಟ್ಟಿಗೆ, ತೆಂಗಿನ ಬುಡ, ಎಲ್ಲ ಇರುತ್ತೆ. ಹಳೆ ಗೋಡೆಯೂ ಹಿಡಿದು ಹೊಸ ಪಾಯವೂ ಹಿಡಿದರೆ ನಡುವೆ ಸಿಕ್ಕ ಪೈಪು ಮುರಿಯುತ್ತದೆ.

ತುಂಬಿದ ಮಣ್ಣಿಗೆ ದಮ್ಮಸು ಹೊಡೆದಿದ್ದಾರಾ? ಅರ್ಧ ಅಡಿ ತುಂಬಿ, ನೀರು ಬಿಟ್ಟು, ಹೊಡೆದು, ಆಮೇಲೆ ಮತ್ತರ್ಧ ಅಡಿ ತುಂಬಬೇಕು. ಒಂದೇ ಸಲ ಎರಡಡಿ ಸುರಿದು ಮೇಲೆ ಮೇಲೆ ಹೊಡೆದರೆ ಕೆಳಗಿನದು ಸಡಿಲವಾಗೇ ಉಳಿಯುತ್ತದೆ. ಹಾಗೆ ಮಾಡಿದ್ದರೆ ಕಾಂಕ್ರೀಟನ್ನು ಮುಂದಕ್ಕೆ ಹಾಕಿ, ನೀರು ಕಟ್ಟಿ ಮಣ್ಣು ಕೂರಲು ಬಿಡಿ. ದಮ್ಮಸು ಪೂರ್ತಿ ಮುಗಿದ ಮೇಲೆ ಮಣ್ಣಲ್ಲಿ ಕಾಲುವೆ ತೆಗೆದು ಕೊಳವೆ ಇಡಬೇಕು. ಮೊದಲೇ ಇಟ್ಟು ಮೇಲೆ ಹೊಡೆದರೆ ಅದು ಚಪ್ಪಟೆಯಾಗುತ್ತದೆ. ಕೆಳಗೆ ಎರಡಿಂಚು ಎಂ-ಸ್ಯಾಂಡ್, ಸುತ್ತಲೂ ಮೇಲೂ ಅದೇ. ಜಲ್ಲಿಯಾಗಲಿ ಕಲ್ಲಿನ ಚೂಪು ಮೂಲೆಯಾಗಲಿ ತಾಗಬಾರದು. ಕಾಂಕ್ರೀಟ್ ಇದೆಲ್ಲದರ ಮೇಲೆ. ಬಾತ್‌ರೂಮಿನ ಕೊಳಚೆ ಪೈಪೂ ಅದೇ ನೆಲದಡಿ ಹೋಗುತ್ತದೆ ಅಲ್ವಾ? ಅದು ಕೆಳಗಿರಲಿ, ನೀರಿನದು ಅದಕ್ಕಿಂತ ಮೇಲಿರಲಿ. ಎರಡನ್ನೂ ಒಂದೇ ಕಾಲುವೆಯಲ್ಲಿ ಹಾಕಲು ಬಿಡಬೇಡಿ. ಕೆಲಸ ಉಳಿಯುತ್ತೆ ಅಂತ ಹಾಗೆ ಮಾಡುವವರಿದ್ದಾರೆ.

ಕಮೋಡ್ ಕೂರುವ ಜಾಗದಡಿ ಯಾವ ಪೈಪೂ ಹೋಗಬಾರದು. ಸರಸ್ವತಿಪುರಂನ ಒಂದು ಮನೆಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಕಮೋಡ್ ಬಿಗಿಯಲು ನೆಲಕ್ಕೆ ಡ್ರಿಲ್ ಹಾಕಿದ್ದಾರೆ, ಬಿಟ್ ಸೀದಾ ಕೆಳಗಿನ ಪೈಪಿಗೆ ತಾಗಿದೆ. ತೂತಿಗೆ ಸ್ಕ್ರೂ ತಿರುಗಿಸಿದ ಮೇಲೆ ಆ ಸ್ಕ್ರೂವೇ ಬಿರಡೆಯಾಗಿ ಕೂತುಬಿಟ್ಟಿತ್ತು. ತಿಂಗಳುಗಟ್ಟಲೆ ಒಂದು ಹನಿ ಹೊರಗೆ ಬರಲಿಲ್ಲ. ಆಮೇಲೆ ಸ್ಕ್ರೂ ತುಕ್ಕು ಹಿಡಿಯಿತು. ಪಕ್ಕದ ರೂಮಿನ ಸ್ಕರ್ಟಿಂಗ್ ಮೇಲೆ ಬೂಷ್ಟು, ಗೋಡೆಯ ಪೇಂಟು ಚಕ್ಕೆ ಚಕ್ಕೆ. ತಾರಸಿ ಸೋರುತ್ತಿದೆ ಅಂತ ಅವರು ಮೇಲೆ ವಾಟರ್‌ಪ್ರೂಫ್ ಕೋಟಿಂಗ್ ಮಾಡಿಸಿದ್ದರು ಪಾಪ.

ಅದಕ್ಕೇ ಮುಚ್ಚುವ ಮುಂಚೆ ಫೋಟೋ ತೆಗೆದಿಡಿ. ಗೋಡೆಯಿಂದ ಕೊಳವೆಗೆ ಟೇಪು ಹಿಡಿದು, ಅಳತೆ ಕಾಣುವಂತೆ ತೆಗೆಯಿರಿ. ಆ ಫೋಟೋ ಮನೆಯವರ ಒಬ್ಬರ ಫೋನಿನಲ್ಲಿ ಮಾತ್ರ ಇದ್ದರೆ ಸಾಲದು, ಪ್ರಿಂಟ್ ಹಾಕಿಸಿ ಮನೆ ಪತ್ರಗಳ ಜೊತೆ ಇಡಿ.

ಕೊನೆಗೆ ಪ್ರೆಷರ್ ಟೆಸ್ಟ್. "ಟ್ಯಾಂಕಿನಿಂದ ನೀರು ಬಿಟ್ಟು ನೋಡಿದೆ, ಎಲ್ಲೂ ಸೋರಿಲ್ಲ" ಅನ್ನುವುದು ಟೆಸ್ಟ್ ಅಲ್ಲ. 10 ಮೀಟರ್ ಎತ್ತರದ ನೀರು ಕೊಡುವುದು ಚದರ ಸೆಂಟಿಮೀಟರಿಗೆ 1 ಕೆಜಿ ಒತ್ತಡ. ನಿಮ್ಮ ಟ್ಯಾಂಕು ಬಾತ್‌ರೂಮಿನ ನಲ್ಲಿಗಿಂತ 3–4 ಮೀಟರ್ ಮೇಲಿದ್ದರೆ ಒಂದು ಕೆಜಿಯೂ ಇಲ್ಲ. ಅಷ್ಟರಲ್ಲಿ ಕೆಟ್ಟ ಜಾಯಿಂಟೂ ಸುಮ್ನೆ ಇರುತ್ತದೆ. ಕೈಪಂಪು, ಮೀಟರು ಎರಡೂ ಇರುವ ಟೆಸ್ಟಿಂಗ್ ಪಂಪು ತರಿಸಿ. ಸಲ್ಯೂಷನ್ ಹಚ್ಚಿ ಒಂದು ದಿನ ಕಳೆದಿರಲಿ. ಪೈಪಿನ ಗಾಳಿಯೆಲ್ಲ ಹೊರಬಿಟ್ಟು, 6 ಕೆಜಿಗೆ ಏರಿಸಿ. ಪೆಕ್ಸ್ ಹಿಗ್ಗುವ ಪೈಪು, ಮೊದಲಿಗೆ ಮುಳ್ಳು ಚೂರು ಇಳಿಯುತ್ತದೆ, ಗಾಬರಿ ಬೇಡ. ಮತ್ತೆ 6ಕ್ಕೆ ತಂದು ರಾತ್ರಿ ಹಾಗೇ ಬಿಡಿ. ಬೆಳಗ್ಗೆ ಬಂದು ಮುಳ್ಳು ನೋಡಿ. ಕಾಂಕ್ರೀಟ್ ಹಾಕುವ ದಿನವೂ ಆ ಒತ್ತಡ ಹಾಗೇ ಇರಲಿ. ಯಾರಾದರೂ ಗುದ್ದಲಿಯಿಂದ ಗೀರಿದರೆ, ಬಾಣಲೆ ಗಾಡಿಯ ಚಕ್ರ ಹತ್ತಿಸಿದರೆ, ಮುಳ್ಳು ಅಲ್ಲೇ ಬೀಳುತ್ತದೆ. ಆಗ ಹಸಿ ಕಾಂಕ್ರೀಟನ್ನು ಕೈಯಲ್ಲೇ ಸರಿಸಿ ನೋಡಬಹುದು.

ಇನ್ನೊಂದು ಮಾತು. ಬಿಸಿನೀರು ಬರುವವರೆಗೆ ತಣ್ಣೀರು ಹೋಗುತ್ತೆ ಅಂತ ಆಮೇಲೆ ಬೈದುಕೊಳ್ಳಬೇಡಿ. ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರಿಗೆ ಸುಮಾರು ಕಾಲು ಲೀಟರ್ ನೀರು ನಿಂತಿರುತ್ತದೆ. ಸೋಲಾರಿನಿಂದ ಇಳಿದು ನೆಲದಡಿ ದಾಟಿ ನಲ್ಲಿಗೆ ಬರುವಷ್ಟರಲ್ಲಿ 12 ಮೀಟರ್ ಆಗಬಹುದು, ಅಂದರೆ 3 ಲೀಟರ್. ಅರ್ಧ ಇಂಚು ಹಾಕಿದರೆ ಅದು ಅರ್ಧವಾಗುತ್ತದೆ, ಆದರೆ ಇಷ್ಟು ಕಡಿಮೆ ಎತ್ತರದ ಟ್ಯಾಂಕಿನಿಂದ ಶವರ್ ಅಳುತ್ತದೆ. ಮುಕ್ಕಾಲೇ ಇರಲಿ. ಮೊದಲ ನೀರಿಗೆ ಬಕೆಟ್ ಹಿಡಿಯಿರಿ.

ಪ್ರಶ್ನೆ: ಮಂಡ್ಯದಲ್ಲಿ ಮನೆ. ಮುಂದಿನ ಪೋರ್ಟಿಕೋವನ್ನು ಗೋಡೆ ಕಟ್ಟಿ ಅಂಗಡಿ ಮಾಡಿದ್ದೇವೆ. ಬೀದಿ ಮೀಟರಿನಿಂದ ಸಂಪಿನ ತೊಟ್ಟಿಗೆ ಬರುವ ಕಾವೇರಿ ನೀರಿನ ಪೈಪು ಈಗ ಅಂಗಡಿ ನೆಲದಡಿ ಸಿಕ್ಕಿಕೊಂಡಿದೆ. ಎರಡು ದಿನಕ್ಕೊಮ್ಮೆ ನೀರು ಬಂದಾಗ ಮೊದಲು ಸ್ವಲ್ಪ ಹೊತ್ತು ಕೆಸರು, ವಾಸನೆ. ಅಕ್ಕಪಕ್ಕದವರಿಗೆ ಇಲ್ಲ. ಬಡಾವಣೆ ಹಿಂದೆ ಗದ್ದೆಯಾಗಿತ್ತಂತೆ.

ಉತ್ತರ: ಅಕ್ಕಪಕ್ಕದವರಿಗೆ ಇಲ್ಲ ಅಂದಮೇಲೆ ತೊಂದರೆ ನಿಮ್ಮ ಮೀಟರಿನಿಂದ ಈಚೆಗೇ. ನೀರು ಬರುವಾಗ ಪೈಪಿನೊಳಗೆ ಒತ್ತಡ ಇರುತ್ತದೆ, ತೂತಿದ್ದರೆ ನೀರು ಹೊರಗೆ ಸೋರುತ್ತದೆ. ನೀರು ನಿಂತಾಗ ಪೈಪು ಖಾಲಿಯಾಗುತ್ತ ಎಳೆಯತೊಡಗುತ್ತದೆ, ಹೊರಗಿನ ಕೆಸರು ಅದೇ ತೂತಿನಿಂದ ಒಳಗೆ ಬರುತ್ತದೆ. ದಿನವಿಡೀ ನೀರು ಬರುವ ಊರಲ್ಲಿ ಈ ಕಾಟ ಇಷ್ಟಿರುವುದಿಲ್ಲ. ಗದ್ದೆ ಬಯಲಿನ ಜೇಡಿ ಮಣ್ಣು ಬೇರೆ, ನೆಂದಾಗ ಉಬ್ಬಿ ಒಣಗಿದಾಗ ಬಿರಿಯುತ್ತದೆ, ಪೈಪಿನ ಜಾಯಿಂಟನ್ನು ಆಡಿಸುತ್ತಲೇ ಇರುತ್ತದೆ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟಾಗ ಆ ಕಡೆ ನೆಲದೊಳಗಿನ ನೀರೂ ಮೇಲೇರುತ್ತದೆ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ನೀರು ಬರುವ ಹೊತ್ತಿಗೆ ಸಂಪಿನ ಬಾಯಲ್ಲಿರುವ ವಾಲ್ವ್ ಪೂರ್ತಿ ಮುಚ್ಚಿ, ಹೋಗಿ ಮೀಟರ್ ನೋಡಿ. ಆಗಲೂ ಮುಳ್ಳು ತಿರುಗುತ್ತಿದ್ದರೆ ನಡುವೆ ಸೋರುತ್ತಿದೆ. ಅಂಗಡಿ ನೆಲ ಅಗೆದು ತೂತು ಹುಡುಕಲು ಹೋಗಬೇಡಿ. ಹಳೆ ಪೈಪನ್ನು ಎರಡೂ ತುದಿಯಲ್ಲಿ ಕತ್ತರಿಸಿ, ಬಿರಡೆ ಹಾಕಿ, ಅಲ್ಲೇ ಬಿಟ್ಟುಬಿಡಿ. ಕಾಂಪೌಂಡ್ ಪಕ್ಕದಲ್ಲಿ ಹೊಸದಾಗಿ ಎಚ್‌ಡಿಪಿಇ ಎಳೆಸಿ. ನೀಲಿ ಗೆರೆಯ ಕಪ್ಪು ಪೈಪು, ಐಎಸ್ 4984 ನೋಡಿ ತನ್ನಿ. ಅದೂ ಸುರುಳಿ, ನಡುವೆ ಜಾಯಿಂಟ್ ಬೇಡ. ಚರಂಡಿಯಿಂದ ಆದಷ್ಟು ದೂರ ಇರಲಿ. ಮೀಟರ್ ಮುಟ್ಟುವುದಕ್ಕೆ ನಗರಸಭೆಗೆ ಅರ್ಜಿ ಕೊಡಬೇಕು, ಅದನ್ನು ಪ್ಲಂಬರ್ ಕೈಯಲ್ಲಿ ಮಾಡಿಸಬೇಡಿ. ಅಲ್ಲಿವರೆಗೆ ಮೊದಲ ನೀರನ್ನು ಸಂಪಿಗೆ ಬಿಡದೆ ಹೊರಚೆಲ್ಲಿ. ಕುಡಿಯುವ ನೀರು ಚೆನ್ನಾಗಿ ಕುದಿಸಿಯೇ ಕುಡಿಯಿರಿ. ಫಿಲ್ಟರ್ ಇದೆಯಲ್ಲ ಅಂತ ಧೈರ್ಯ ಬೇಡ. ಸಂಪನ್ನೂ ಒಮ್ಮೆ ತೊಳೆಸಿ.

ಪ್ರಶ್ನೆ: ಶ್ರೀರಂಗಪಟ್ಟಣದ ನಮ್ಮ ಮನೆಯದು ರೆಡ್ ಆಕ್ಸೈಡ್ ನೆಲ. ಆಮೇಲೆ ಸೇರಿಸಿದ ಬಚ್ಚಲಿನ ಪಕ್ಕ ಒಂದು ಕಡೆ ಬರಿಗಾಲಿಟ್ಟರೆ ಬೆಚ್ಚಗಿರುತ್ತದೆ. ಬೆಕ್ಕು ಅಲ್ಲೇ ಮಲಗುತ್ತದೆ. ಇದು ಸೋಲಾರ್ ಪೈಪಾ?

ಉತ್ತರ: ಬೆಕ್ಕಿಗೆ ಗೊತ್ತಾಗಿದೆ. ಸೋಲಾರ್ ಪೈಪೇ. ಆದರೆ ಬೆಚ್ಚಗಿದ್ದ ಮಾತ್ರಕ್ಕೆ ಸೋರುತ್ತಿದೆ ಅಂತಲ್ಲ, ಸ್ನಾನದ ಹೊತ್ತಲ್ಲಿ ಒಳ್ಳೆ ಪೈಪಿನ ಮೇಲಿನ ನೆಲವೂ ಬೆಚ್ಚಗಾಗುತ್ತದೆ. ರಾತ್ರಿ ಯಾರೂ ಬಿಸಿನೀರು ಬಳಸದೆ, ಬೆಳಗ್ಗೆ ಎದ್ದ ಕೂಡಲೇ ಕಾಲಿಟ್ಟು ನೋಡಿ. ತಣ್ಣಗಿದ್ದರೆ ಚಿಂತೆಯಿಲ್ಲ. ಆಗಲೂ ಬೆಚ್ಚಗಿದ್ದರೆ ಒಳಗೆ ನೀರು ಹರಿಯುತ್ತಲೇ ಇದೆ. ಹಾಗಿದ್ದರೆ ಸೋಲಾರ್ ಟ್ಯಾಂಕಿನ ಬಿಸಿನೀರಿನ ವಾಲ್ವ್ ಮುಚ್ಚಿಬಿಡಿ. ನೆಲ ಮಾತ್ರ ಒಡೆಸಬೇಡಿ ದಯವಿಟ್ಟು. ಹಳೆ ರೆಡ್ ಆಕ್ಸೈಡ್‌ಗೆ ತೇಪೆ ಹಾಕಿದರೆ ಬಣ್ಣ ಹೊಂದುವುದೇ ಇಲ್ಲ, ಅಷ್ಟು ಚೆನ್ನಾಗಿ ನಯ ಮಾಡುವ ಕೈಗಳೂ ಈಗ ಕಡಿಮೆ. ಆ ಪೈಪನ್ನು ಕೈಬಿಟ್ಟು ಹೊರಗೋಡೆಯ ಮೇಲಿಂದ ಹೊಸದು ತನ್ನಿ.

ಪ್ರಶ್ನೆ: ಮಲಗುವ ಮಂಚದ ಕೆಳಗೆ ನೀರಿನ ಪೈಪು ಹೋದರೆ ವಾಸ್ತು ದೋಷ ಅಂತಾರೆ. ನಿಜವಾ? (ವಿಜಯನಗರ, ಮೈಸೂರು)

ಉತ್ತರ: ವಾಸ್ತು ನನ್ನ ಸೀಮೆಯಲ್ಲ. ಮಂಚದ ಕೆಳಗೆ ಜಾಯಿಂಟ್ ಇರಬಾರದು ಅಂತ ನಾನೂ ಹೇಳುತ್ತೇನೆ, ಕಾರಣ ಬೇರೆ. ಒಟ್ಟಿನಲ್ಲಿ ನಿಮ್ಮ ವಾಸ್ತುವಿನವರೂ ನಾನೂ ಜಗಳ ಆಡುವ ಪ್ರಮೇಯ ಇಲ್ಲ, ಗೋಡೆ ಪಕ್ಕ ತಿರುಗಿಸಿ.

ಪ್ರಶ್ನೆ: ಸಿಪಿವಿಸಿ ಪೈಪನ್ನು ಕಾಂಕ್ರೀಟಿನೊಳಗೇ ಹೂತರೆ ಸಿಮೆಂಟು ತಿಂದುಹಾಕುತ್ತದಾ? ಗೆದ್ದಲಿಗೆ ಔಷಧಿಯನ್ನೂ ಹೊಡೆಸುವವರಿದ್ದೇವೆ. (ನಂಜನಗೂಡು)

ಉತ್ತರ: ಸಿಮೆಂಟಿನಿಂದ ಸಿಪಿವಿಸಿಗೆ ಏನೂ ಆಗುವುದಿಲ್ಲ. ತೊಂದರೆ ಬಿಸಿಯದು. 10 ಮೀಟರ್ ಪೈಪು 40 ಡಿಗ್ರಿ ಬಿಸಿ ಏರಿದರೆ ಹತ್ತಿರ ಹತ್ತಿರ ಒಂದಿಂಚು ಉದ್ದವಾಗುತ್ತದೆ. ಕಾಂಕ್ರೀಟು ಗಟ್ಟಿ ಹಿಡಿದುಕೊಂಡಿದ್ದರೆ ಆ ಒತ್ತಡವೆಲ್ಲ ಎಲ್ಬೋ ಮೇಲೆ ಬೀಳುತ್ತದೆ. ಫೋಮ್ ಸುತ್ತಿ ಹಾಕಿದರೆ ಆಡಲು ಜಾಗ ಸಿಗುತ್ತದೆ. ಬಿಸಿನೀರಿಗೆ ಯುಪಿವಿಸಿ ಕೊಟ್ಟರೆ ಮಾತ್ರ ವಾಪಸ್ ಕಳಿಸಿ, ಅದು ತಣ್ಣೀರಿನ ಪೈಪು, ಬಿಸಿಗೆ ಮೆತ್ತಗಾಗುತ್ತದೆ.

ಗೆದ್ದಲ ಔಷಧಿ ವಿಷಯ ಕೇಳಿದ್ದು ಒಳ್ಳೆಯದಾಯಿತು. ಮಣ್ಣಿಗೆ ಹೊಡೆಯುವ ಔಷಧಿ ಪೈಪಿನ ಸುತ್ತ ನಿಲ್ಲಬಾರದು, ಸಿಪಿವಿಸಿಯನ್ನು ಬಿರಿಯುವಂತೆ ಮಾಡುವ ಎಣ್ಣೆ ಅಂಶ ಕೆಲವದರಲ್ಲಿ ಇರುತ್ತದೆ. ಪೈಪು ಕೊಳವೆಯೊಳಗಿದ್ದರೆ ಕೊಳವೆಯ ಬಾಯಿಗೆ ಯಾವ ಕಾರಣಕ್ಕೂ ಔಷಧಿ ಸುರಿಯಲು ಬಿಡಬೇಡಿ, ಒಳಗೆ ಹೋದದ್ದು ಆರುವುದೇ ಇಲ್ಲ. ಮೊದಲು ಔಷಧಿ ಹೊಡೆಸಿ, ಮಣ್ಣು ಹೀರಿಕೊಂಡು ಒಣಗಿದ ಮೇಲೆ ಮರಳು ಹಾಕಿ ಪೈಪು ಇಡಿಸಿ. ಔಷಧಿಯವರು ಬರುವ ದಿನ ಪೈಪಿನ ಕೆಲಸದವರನ್ನು ಕರೆಯಲೇಬೇಡಿ.